ಸ್ಕ್ಯಾನ್ ಮಾಡಿ, ಭಯ ಬೇಡ

ವರ್ಷವಿಡೀ ಯಾರನ್ನೂ ನಂಬಬೇಡಿ ಎಂದು ಜನರಿಗೆ ಬುದ್ಧಿ ಹೇಳುವ ಬ್ಯಾಂಕು, ವಸ್ತುಪ್ರದರ್ಶನ ಬಂದಾಗ ಮಾತ್ರ ನಮ್ಮನ್ನು ನಂಬಿ ಎನ್ನುತ್ತದೆ. ಆಗ ಮಳಿಗೆಯಲ್ಲಿ ಕೂರುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಕೊಚ್ಚಿಯ ನಮ್ಮ ಶಾಖೆಯಿಂದ ಕೂರುವವನು ನಾನು. ಮೈಸೂರಿಗೆ ವರ್ಗ ಕೇಳಿದ್ದೆ. ನಮ್ಮ ಮನೆಸಾಲದ ಮಳಿಗೆಯನ್ನು ಸೋಷಿಯಲ್ ಮೀಡಿಯಾದಲ್ಲಿ ಮೆರೆಸಿದರೆ ವಲಯ ಕಚೇರಿಯ ದೊಡ್ಡವರ ಹತ್ತಿರ ತಾವೇ ಮಾತಾಡುವುದಾಗಿ ಮ್ಯಾನೇಜರ್ ಮೇಡಂ ಹೇಳಿದ್ದರು. ಹೇಳಿದ್ದರು ಎಂಬುದಷ್ಟೇ ನನಗೆ ಗೊತ್ತು.

ಎರಡನೇ ಸಾಲು

ಕಲೂರಿನ ಪ್ರದರ್ಶನದಲ್ಲಿ ನಮ್ಮ ಬೋರ್ಡಿನ ಮೇಲೆ ಒಂದು ಕ್ಯೂಆರ್ ಕೋಡ್, ಕೆಳಗೆ 'ಸ್ಕ್ಯಾನ್ ಮಾಡಿ, ಭಯ ಬೇಡ' ಎಂದು ಮಲಯಾಳಂನಲ್ಲಿ ಇತ್ತು. ಭಯ ಬೇಡ ಎಂದು ಓದಿದ ಮೇಲೆಯೇ ಜನರಿಗೆ ಭಯವಾಗುತ್ತಿತ್ತು. ನಮ್ಮದೇ ಗ್ರಾಹಕರಾದ ಹಿರಿಯರೊಬ್ಬರು ಬಂದು, ಬ್ಯಾಂಕು ಅಂದು ಬೆಳಿಗ್ಗೆ ಕಳಿಸಿದ್ದ ಮೆಸೇಜು ತೋರಿಸಿದರು: ಅಪರಿಚಿತರು ಕೊಡುವ ಕೋಡ್ ಸ್ಕ್ಯಾನ್ ಮಾಡಬೇಡಿ. ನಾನು ಅಪರಿಚಿತನಲ್ಲ, ಬ್ಯಾಂಕಿನವನೇ ಎಂದೆ.

"ಅವರು ಹಾಗೇ ಹೇಳುತ್ತಾರೆ ಅಂತ ಎರಡನೇ ಸಾಲಿನಲ್ಲಿದೆ" ಎಂದರು.

ಗುರುತಿನ ಚೀಟಿ ತೋರಿಸಿದೆ. ನೌಕರಿಗೆ ಸೇರಿದಾಗ ತೆಗೆಸಿದ ಫೋಟೊ, ಆಗ ತಲೆತುಂಬ ಕೂದಲಿತ್ತು. ಅವರು ಫೋಟೊವನ್ನೂ ನನ್ನನ್ನೂ ನೋಡಿ, ಈ ಹುಡುಗ ಈಗ ಎಲ್ಲಿದ್ದಾನೆ ಎಂದು ವಿಚಾರಿಸಿದರು.

ಮುಗಿಬಿದ್ದ ಕೊಚ್ಚಿ

ಜನಜಂಗುಳಿಯ ಫೋಟೊ ಬೇಕೇಬೇಕು ಎಂದು ಮೇಡಂ ಪಟ್ಟು ಹಿಡಿದರು. ನಮ್ಮಲ್ಲಿ ಇದ್ದದ್ದು ನಾವಿಬ್ಬರೇ. ಪಕ್ಕದ ಮಳಿಗೆಯವರು ತಮ್ಮ ಹೊಸ ಒಲೆಯ ಪ್ರಚಾರಕ್ಕೆ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಕರಿದು ಪುಕ್ಕಟೆ ಹಂಚುತ್ತಿದ್ದರು. ಆ ಸಾಲು ನಮ್ಮ ಮುಂದಿನಿಂದಲೇ ಹಾದುಹೋಗುತ್ತಿತ್ತು. ಸಾಲಿನ ನಡುವೆ ನನ್ನನ್ನು ನಿಲ್ಲಿಸಿ, ಕೈಗೆ ಕರಪತ್ರ ಕೊಟ್ಟು ಫೋಟೊ ತೆಗೆದು, 'ಮನೆಸಾಲಕ್ಕೆ ಮುಗಿಬಿದ್ದ ಕೊಚ್ಚಿ' ಎಂದು ಹಾಕಿದರು. ಬಂದದ್ದು ಒಂದೇ ಕಮೆಂಟು: ವೈಟ್ಟಿಲದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೇನೆ, ನಾನು ಬರುವಷ್ಟರಲ್ಲಿ ಮುಗಿದುಹೋಗುತ್ತದೆಯೇ?

ನಮ್ಮಲ್ಲಿ ಎಲ್ಲರಿಗೂ ಇದೆ, ಖಂಡಿತ ಬನ್ನಿ ಎಂದು ಮೇಡಂ ಉತ್ತರಿಸಿದರು. ಸ್ವಲ್ಪ ಹೊತ್ತಿಗೆ ಆತ ಬಂದ. ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು.

ಮಾತೃಭಾಷೆ

ಮೇಡಂಗೆ ಆ ಒಂದು ಕಮೆಂಟೂ ಸಾಧನೆಯೇ. ನನ್ನನ್ನು ತಿರುವನಂತಪುರದ ಪ್ರದರ್ಶನಕ್ಕೂ ಕಳಿಸಿದರು. ಅಲ್ಲಿ ತುಂಬದ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾದವರೊಬ್ಬರು ಹೆಂಡತಿಯ ಜೊತೆ ಕನ್ನಡದಲ್ಲಿ, ಬಿಲ್ಡರ್ ಮಳಿಗೆಯಲ್ಲಿ ತೋರಿಸಿದ ಫ್ಲ್ಯಾಟಿನ ಅಡುಗೆಮನೆ ಕತ್ತಲೆಯೆಂದು ಜಗಳವಾಡುತ್ತ ಬಂದರು. ನನಗೆ ಜೀವ ಬಂದಂತಾಯಿತು. ನಮಸ್ಕಾರ ಸರ್, ಯಾವೂರು ತಮ್ಮದು, ನಾನು ಮೈಸೂರಿನವನು ಎಂದೆ.

ಇಬ್ಬರೂ ಗಕ್ಕನೆ ನಿಂತರು. "ರೀ, ಬನ್ನಿ" ಎಂದರು ಆಕೆ. "ಮೊನ್ನೆ ಫೋನ್ ಮಾಡಿದ ಆಸಾಮಿಯೂ ಮೈಸೂರು ಅಂತಲೇ ಶುರು ಮಾಡಿದ್ದು."

ವಿಜ್ಞಾನಿಗಳು ಹೋಗಲಿಲ್ಲ. ಫೋನು ಎತ್ತಿ ಹಿಡಿದು, ಇನ್ನೊಮ್ಮೆ ಹೇಳಿ ಎಂದರು. ಕೊನೆಗೂ ಒಬ್ಬರು ಪ್ರಚಾರಕ್ಕೆ ನೆರವಾದರಲ್ಲ ಎಂದು ನಾನು ನಗುನಗುತ್ತ ಎಲ್ಲ ಹೇಳಿ, ಸ್ಕ್ಯಾನ್ ಮಾಡಿ, ಭಯ ಬೇಡ ಎಂದು ಮುಗಿಸಿದೆ. ಸಂಜೆಯ ಹೊತ್ತಿಗೆ ಆ ವಿಡಿಯೊ ಊರಿನ ಕನ್ನಡಿಗರ ಗುಂಪುಗಳನ್ನೆಲ್ಲ ಸುತ್ತಿ, ಮಲಯಾಳಿಗಳ ಗುಂಪುಗಳಿಗೂ ದಾಟಿತ್ತು. ಮೇಲೆ ಬರೆದಿತ್ತು: ನಿಮ್ಮದೇ ಭಾಷೆಯಲ್ಲಿ ಮಾತಾಡಿ ಬಲೆಗೆ ಹಾಕುವ ವ್ಯಕ್ತಿ, ಎಚ್ಚರ.

ಮಾರನೆಯ ದಿನ ನಮ್ಮ ಮಳಿಗೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಕ್ಕಳನ್ನು ಹಿಂದಕ್ಕೆ ಸರಿಸಿಕೊಂಡು, ಜನ ದೂರದಿಂದಲೇ ನನ್ನ ಫೋಟೊ ತೆಗೆದರು. ವಿಚಾರಣೆಗೆ ಬಂದ ಪೊಲೀಸಿನವರು ನಾನು ನಿಜವಾಗಿಯೂ ಬ್ಯಾಂಕಿನವನೆಂದು ಖಚಿತಪಡಿಸಿಕೊಂಡು ತಮಗೇ ಮನೆಸಾಲ ಕೇಳಿದರು. ಅವರ ಹಿಂದೆ ಉಳಿದವರೂ ಧೈರ್ಯ ಮಾಡಿದರು. ಸಂಜೆಗೆ ಕರಪತ್ರಗಳೆಲ್ಲ ಖಾಲಿ.

ಮೇಡಂ ಮಾತು ಉಳಿಸಿಕೊಂಡರು, ಅದೇ ನನಗೆ ಅನುಮಾನ ಹುಟ್ಟಿಸಿತು. ವಲಯ ಕಚೇರಿಯ ದೊಡ್ಡವರೇ ಫೋನ್ ಮಾಡಿ, ಬ್ಯಾಂಕಿನ ಯಾವ ಜಾಹೀರಾತನ್ನೂ ಇಷ್ಟು ಜನ ನೋಡಿರಲಿಲ್ಲ ಎಂದು ಹೊಗಳಿದರು. ಇದೇ ಸಮಯವೆಂದು ಮೈಸೂರಿನ ವಿಷಯ ಎತ್ತಿದೆ.

"ಅಲ್ಲಿ ನಿಮ್ಮನ್ನು ಎಲ್ಲರೂ ನಂಬಿಬಿಡುತ್ತಾರಲ್ಲ" ಎಂದರು. "ಆಮೇಲೆ ನಿಮ್ಮಿಂದ ಬ್ಯಾಂಕಿಗೇನು ಪ್ರಯೋಜನ?"