ಕುಲ್ಫಿ ಗಾಡಿಯಲ್ಲಿ ಹೊಕ್ಕುಳಬಳ್ಳಿಯ ರಕ್ತ

ಶಹಾಪುರದಲ್ಲಿ ವಿಜ್ಞಾನ ಕಲಿಸುತ್ತಲೇ ತಲೆ ನರೆತಿರುವ ನನಗೆ, ಒಂದು ಡಬ್ಬಿಯನ್ನು ಸಂಜೆಯವರೆಗೆ ಕಾಯುವುದು ಕೆಲಸವೆಂದೇ ಅನಿಸಲಿಲ್ಲ.

ಡಬ್ಬಿಯಲ್ಲಿದ್ದದ್ದು ನನ್ನ ಮಗಳು ಮಹಾದೇವಿಯ ಚೊಚ್ಚಲ ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯಿಂದ ತೆಗೆದ ರಕ್ತ. ಆಕೆ ಸುರಪುರದ ಶಾಲೆಯೊಂದರಲ್ಲಿ ಟೀಚರ್. ಅವಳ ತರಗತಿಯ ಒಂದು ಹುಡುಗಿ ರಕ್ತದ ಕಾಯಿಲೆಯಿಂದ ಪದೇ ಪದೇ ಆಸ್ಪತ್ರೆ ಸೇರುತ್ತಿದ್ದಳು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳಿರುತ್ತವೆ, ಅಂಥ ಮಕ್ಕಳಲ್ಲಿ ಯಾರಿಗಾದರೂ ಹೊಂದಬಹುದು ಎಂದು ಕೇಳಿದ್ದೇ ತಡ, "ನನ್ನ ಕೂಸು ಹುಟ್ಟಿದ ದಿನಾನೇ ದಾನ ಮಾಡ್ಲಿ" ಎಂದು ಹಟ ಹಿಡಿದಳು. ಹೆರಿಗೆಯ ಹೊತ್ತಿಗೆ ಸಿಕ್ಕಿದ್ದೇ ಸಿಕ್ಕಿದ್ದು, ಮತ್ತೆ ತೆಗೆಯಲು ಬರುವುದಿಲ್ಲ.

ಅದನ್ನು ಒಯ್ಯುವ ರಕ್ತನಿಧಿಯ ಗಾಡಿ ಕಲಬುರಗಿಯಿಂದ ಸಂಜೆಗೆ ನಮ್ಮ ಮನೆಗೆ ಬರಬೇಕಿತ್ತು. ಡಾಕ್ಟರು ಡಬ್ಬಿ ಕೊಡುತ್ತ, "ಬಿಸಲಾಗ ಇಡಬ್ಯಾಡ್ರಿ ಮಾಸ್ತರ, ಐಸಿನಾಗೂ ಇಡಬ್ಯಾಡ್ರಿ" ಎಂದರಂತೆ. ನಾನು ಮೊದಲ ಮಾತಿಗೇ ತಲೆಯಾಡಿಸಲು ಶುರುಮಾಡಿದ್ದೆ. ತಲೆಯಾಡಿಸುವಾಗ ನನಗೆ ಕಿವಿ ಕೇಳುವುದಿಲ್ಲ. ಇದು ಮಾಸ್ತರಿಕೆಯ ಕಾಯಿಲೆ.

ಕಾಲುವೆಯ ನೀರು ನಿಂತು, ಊರೆಲ್ಲ ಬಾಣಲೆಯಂತೆ ಕಾದಿದ್ದ ದಿನಗಳವು. ಮನೆಗೆ ಬಂದವನೇ ಡಬ್ಬಿಗೆ ಹಸಿ ಗೋಣಿಚೀಲ ಸುತ್ತಿದೆ. ಸಮಾಧಾನವಾಗಲಿಲ್ಲ. ಫ್ರಿಜ್ಜಿನಲ್ಲಿಟ್ಟೆ. ಕರೆಂಟು ಹೋಯಿತು.

"ಡಾಕ್ಟರ್ ಏನಂದಾರ?" ಎಂದಳು ನನ್ನ ಹೆಂಡತಿ ಶರಣಮ್ಮ.

"ತಂಪಿಡ್ರಿ ಅಂದಾರ."

"ಹಂಗಾರ ಒಳಗ ನೀರಿನ ಕೊಡದ ಬಾಜೂಕ ಇಡ್ರಿ, ಸಾಕು."

"ನೀ ವಿಜ್ಞಾನ ಓದಿಲ್ಲ" ಎಂದೆ. ಗಾಡಿ ಕಾಲುವೆ ರಸ್ತೆಯಲ್ಲಿ ಕೆಟ್ಟು ನಿಂತಿದೆ, ತಡವಾಗುತ್ತದೆ ಎಂದು ಫೋನು ಬಂತು. ಇನ್ನು ಕೈಕಟ್ಟಿ ಕೂರುವುದುಂಟೆ? ಐಸಿಗೆ ಉಪ್ಪು ಬೆರೆಸಿದರೆ ಅದು ಐಸಿಗಿಂತ ತಣ್ಣಗಾಗುತ್ತದೆ ಎಂಬ ಪಾಠವನ್ನು ನಾನು ವರ್ಷವರ್ಷವೂ ಮಾಡಿದವನು. ಆ ಮಿಶ್ರಣ ನಮ್ಮ ಓಣಿಯಲ್ಲಿ ತಯಾರಿದ್ದದ್ದು ಒಂದೇ ಕಡೆ, ಕುಲ್ಫಿ ಮಾರುವ ಖಾಜಾಸಾಬನ ಗಾಡಿಯಲ್ಲಿ.

ಡಬ್ಬಿ ಅಲ್ಲಿ ಹಿಡಿಸಲಿಲ್ಲ. ರಕ್ತದ ಚೀಲವನ್ನೇ ಹೊರತೆಗೆದು, ಪ್ಲಾಸ್ಟಿಕ್ ಸುತ್ತಿ, ಕುಲ್ಫಿ ಅಚ್ಚುಗಳ ನಡುವೆ ಹೂತಿಟ್ಟೆ.

"ಎಷ್ಟ ಗಟ್ಟಿ ಆಗಬೇಕ್ರಿ ಮಾಸ್ತರ?" ಎಂದ ಖಾಜಾಸಾಬ.

"ನಿನ್ನ ಕುಲ್ಫಿಗಿಂತ ಗಟ್ಟಿ. ಉಪ್ಪು ಇನ್ನಷ್ಟು ಹಾಕು."

"ಏನ್ ಅದ್ರಿ ಇದರಾಗ?"

"ದಾನ ಅದ" ಎಂದೆ ಗಂಭೀರವಾಗಿ. ಅವನು ಗಾಡಿಗೆ ಕೈಮುಗಿದ.

ಕಲಬುರಗಿಯ ತರುಣ ಕೊನೆಗೂ ಬಂದಾಗ, ಚೀಲವನ್ನು ಪದಕ ಒಪ್ಪಿಸುವವನಂತೆ ಅವನ ಕೈಗಿತ್ತೆ. ಅವನು ಅದನ್ನು ಟೇಬಲ್ಲಿನ ಮೇಲಿಟ್ಟ. ಟಕ್ ಎಂದಿತು.

"ಸರ್, ಇದನ್ನ ಎಲ್ಲಿಟ್ಟಿದ್ರಿ?"

ನಾನು ಪಾಠ ಸಮೇತ ವಿವರಿಸಿದೆ. ಅವನ ಮುಖ ಇಳಿಯಿತು. "ಎಲ್ಲಾ ಹೋಯ್ತ್ರಿ ಸರ್."

"ಯಾಕ? ಮುಂದ ನೀವೂ ಇದನ್ನ ಗಟ್ಟಿ ಮಾಡೇ ಇಡ್ತೀರಲ್ಲ?"

"ಮಾಡ್ತೀವ್ರಿ. ಮೊದಲ ಔಷಧ ಬೆರೆಸಿ, ಮೆಲ್ಲಕ ಮೆಲ್ಲಕ ಮಾಡ್ತೀವಿ. ನೀವು ಹಂಗ ಗಟ್ಟಿ ಮಾಡೀರಿ. ಐಸಿನ ಹರಳು ಚುಚ್ಚಿ ಒಳಗಿನ ಜೀವಕೋಶ ಒಡದು ಹೋಗ್ಯಾವ. ಕರಗಿಸಿದ್ರ ಏನೂ ಸಿಗಂಗಿಲ್ರಿ. ಒಳಗಿನ ಕೋಣ್ಯಾಗ ಸುಮ್ಕ ಇಟ್ಟಿದ್ರೂ ನಾಳಿತನಕ ಛಲೋ ಇರ್ತಿತ್ತು."

ಶರಣಮ್ಮ ನೀರಿನ ಕೊಡದ ಕಡೆ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಮಹಾದೇವಿಗೆ ನಾನೇ ಹೇಳಿದೆ. ಆಕೆ ಕೂಸನ್ನು ಎದೆಗವಚಿಕೊಂಡು ಗೋಡೆಯ ಕಡೆ ಹೊರಳಿದಳು. "ಯಾವುದೋ ಕೂಸಿಗಿ ಬೇಕಾಗಿತ್ತಲ್ಲ ಯಪ್ಪಾ" ಎಂದಳು. ನನಗೆ ಅಲ್ಲೇ ಕುಸಿದು ಅಳಬೇಕೆನಿಸಿತು. ಹೊರಗೆ ಹೋಗಿ ಅತ್ತೆ.

ಬಾಣಂತನ ಮುಗಿದ ಮೇಲೆ ಊರಲ್ಲಿ ರಕ್ತದಾನ ಶಿಬಿರ ನಡೆಯಿತು. ಮಗಳೇ ಬಂದು, "ಏಳು ಯಪ್ಪಾ, ನಿನ್ನ ರಕ್ತಾನಾದ್ರೂ ಕೊಡು ನಡಿ" ಎಂದು ಎಬ್ಬಿಸಿಕೊಂಡು ಹೋದಳು. ಸೂಜಿಯೆಂದರೆ ನನಗೆ ಜೀವ ಹೋಗುತ್ತದೆ. ಆದರೂ ಕಣ್ಣು ಮುಚ್ಚಿಕೊಂಡು ಕೊಟ್ಟೆ. ನರ್ಸಮ್ಮ ತುಂಬಿದ ಚೀಲ ಎತ್ತಿಕೊಂಡಾಗ ನನ್ನೊಳಗಿನ ಮಾಸ್ತರ ಮತ್ತೆ ಎದ್ದು ಕೂತ.

"ಇದನ್ನ ಎಷ್ಟ ತಣ್ಣಗ ಇಡ್ತೀರಿ? ನಾ ಹೇಳೋದೇನಂದ್ರ..."

ಮಹಾದೇವಿ ಶಿಬಿರದವರು ಕೊಟ್ಟ ಬಿಸ್ಕೀಟನ್ನು ನನ್ನ ಬಾಯಿಗೆ ತುರುಕಿದಳು.

"ಯಪ್ಪಾ, ಕೊಡೋದಷ್ಟ ನಿನ್ನ ಕೆಲಸ. ಇಡೋದು ಅವ್ರಿಗಿ ಬಿಡು."

ನಾನು ತಲೆಯಾಡಿಸಲಿಲ್ಲ. ಪೂರ್ತಿ ಕೇಳಿಸಿಕೊಂಡೆ.