ನಲವತ್ತಾರನೇ ವಯಸ್ಸಿನಲ್ಲಿ ನನ್ನ ವರಾನ್ವೇಷಣೆ

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನನ್ನ ಬಾಳಿಗೆ ಪೇಚಿನ ಪ್ರಸಂಗಗಳು ಹಾಗೆ ಬರುತ್ತಲೇ ಇರುತ್ತವೆ. ಬಂದವು ಬೇಗ ಹೋಗುವುದೂ ಇಲ್ಲ.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದಲ್ಲಿ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಹತ್ತು ಮಿಷನ್ನು, ಒಂದು ಗೋಡೆ ಗಡಿಯಾರ, ನನ್ನ ಗಂಟಲು. ಅಲ್ಲೇ ಎರಡು ಬೀದಿ ಆಚೆ ಮಹಡಿ ಮನೆಯಲ್ಲಿ ವಾಸ. ಮನೆ ಬಾಡಿಗೆಗೆ ಹಿಡಿದ ದಿನ ಕೆಳಗಿನ ಓನರಮ್ಮ ಒಂದೇ ಷರತ್ತು ಹಾಕಿದ್ದರು: "ನೋಡಪ್ಪ, ಹೆಂಗಸರು ಗಿಂಗಸರು ಮೇಲೆ ಹತ್ತಿ ಬರಬಾರ್ದು." ಖಂಡಿತ ಬರಲ್ಲಮ್ಮ ಅಂತ ಮಾತು ಕೊಟ್ಟೆ. ಇಡೀ ಬೆಂಗಳೂರಿನಲ್ಲಿ ಯಾವ ಬಾಡಿಗೆದಾರನೂ ಒಂದು ಷರತ್ತನ್ನು ಇಷ್ಟು ಸುಲಭವಾಗಿ ಪಾಲಿಸಿರಲಾರ.

ಆ ಮನೆಯಲ್ಲಿ ನಾನೂ ನನ್ನ ಜೊತೆಗಾರನೂ ಹದಿನಾಲ್ಕು ವರ್ಷ ಸಂಸಾರ ಮಾಡಿದೆವು. ಬೀದಿಯವರ ಬಾಯಲ್ಲಿ ಅವನು ನನ್ನ ರೂಮ್‌ಮೇಟು. ಕಾನೂನು ಕೇಳಿದ್ದರೆ ಇಬ್ಬರನ್ನೂ ಒಳಗೆ ಹಾಕುತ್ತಿತ್ತು. ಬೀದಿ ಕೇಳಲೇ ಇಲ್ಲ. ಕೊನೆಗೆ ಅವನ ತಾಯಿ ಊಟ ಬಿಟ್ಟು ಕೂತರು, ಅವನು ಮದುವೆಗೆ ಒಪ್ಪಿದ. ಲಗ್ನಪತ್ರಿಕೆಯ ಕವರಿನ ಮೇಲೆ ವಿಳಾಸಗಳನ್ನು ಟೈಪ್ ಮಾಡಿದ್ದು ನಾನೇ. ಒಂದು ಅಕ್ಷರ ತಪ್ಪಿಲ್ಲದೆ ಮಾಡಿದೆ. ಆಮೇಲೆ ಮೂರು ತಿಂಗಳು ನನಗೆ ಅನ್ನ ರುಚಿಸಲಿಲ್ಲ.

ಆದರೆ ನಾನು ಅಳುತ್ತಾ ಕೂರುವ ಜಾತಿಯವನಲ್ಲ. ವಯಸ್ಸು ನಲವತ್ತಾರು, ತಲೆಯಲ್ಲಿ ಕೂದಲಿತ್ತು, ಹಲ್ಲು ಎಲ್ಲ ನನ್ನವೇ. ಬೆಳಿಗ್ಗೆ ಎದುರಿಗೆ ಕೂತು ಕಾಫಿ ಕುಡಿಯೋಕೆ ಒಬ್ಬ ಗಂಡಸು ಬೇಕು, ಅದೂ ಇದೇ ಮನೆಯಲ್ಲಿ, ಇದೇ ಬೀದಿಯಲ್ಲಿ ಅಂತ ತೀರ್ಮಾನ ಮಾಡಿದೆ. ಮುಂದಿನದೆಲ್ಲ ಆ ತೀರ್ಮಾನದ ಫಲ.

ರೇಷನ್ ಕಾರ್ಡು

ಹೊಸ ಬಾಳು ಶುರುಮಾಡುವ ಮೊದಲು ಹಳೆಯದನ್ನು ಕ್ರಮವಾಗಿ ಮುಗಿಸಬೇಕಲ್ಲ. ನಮ್ಮ ರೇಷನ್ ಕಾರ್ಡಿನಲ್ಲಿ ಅವನ ಹೆಸರಿತ್ತು. ತೆಗೆಸಲು ಹೋದೆ.

ಗುಮಾಸ್ತರು ಕನ್ನಡಕ ಮೇಲೇರಿಸಿ ಕೇಳಿದರು: "ಏನಾದ್ರು ಇವರು? ತೀರಿಕೊಂಡ್ರಾ?"

"ಇಲ್ಲ ಸಾರ್, ಚೆನ್ನಾಗಿದಾರೆ."

"ಟ್ರಾನ್ಸ್‌ಫರ್ರಾ?"

"ಅಲ್ಲ. ಮದುವೆ ಆಗಿ ಹೋದ್ರು."

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಮದುವೆ ಆಗಿ ಹೋಗೋದು ಹೆಣ್ಮಕ್ಕಳು ಸಾರ್. ಗಂಡಸರು ಮದುವೆ ಆಗಿ ಕರ್ಕೊಂಡು ಬರ್ತಾರೆ. ಹೋಗೋ ಗಂಡಸಿಗೆ ನಮ್ಮಲ್ಲಿ ಕಾಲಂ ಇಲ್ಲ."

"ಇವರು ಹೋದ್ರಲ್ಲ ಸಾರ್, ಏನು ಮಾಡ್ಲಿ?"

ನನ್ನ ದನಿಯಲ್ಲಿ ಏನು ಕಂಡಿತೋ, ಅವರ ಮನಸ್ಸು ಕರಗಿತು. ಹಿಂದೆ ಕ್ಯೂ ಬೇರೆ ಬೆಳೆಯುತ್ತಿತ್ತು. ರಿಜಿಸ್ಟರನ್ನು ಮೇಲಿಂದ ಕೆಳಗೆ ನೋಡಿ, "ಸರಿ, 'ಮಗಳು, ವಿವಾಹವಾಗಿ ಗಂಡನ ಮನೆಗೆ' ಅನ್ನೋ ಕಾಲಮ್ಮಿಗೆ ಹಾಕ್ತೀನಿ. ಯಾರು ನೋಡ್ತಾರೆ, ಬಿಡಿ" ಅಂದು ಠಸ್ಸೆ ಒತ್ತಿದರು.

ಹದಿನಾಲ್ಕು ವರ್ಷ ಬಾಳಿದವನನ್ನು ನಾನು ಸರ್ಕಾರದ ಲೆಕ್ಕದಲ್ಲಿ ಕನ್ಯಾದಾನ ಮಾಡಿ ಕಳಿಸಿದ್ದು ಹೀಗೆ.

ಟೈಮ್ ಎಷ್ಟು?

ನನ್ನ ಯೌವನದಲ್ಲಿ ನಮ್ಮಂಥವರು ಪಾರ್ಕಿನಲ್ಲಿ ಒಬ್ಬರನ್ನೊಬ್ಬರು ಗುರುತಿಸಿಕೊಳ್ಳಲು ಒಂದು ಪದ್ಧತಿ ಇತ್ತು. ಕೈಯಲ್ಲಿ ವಾಚಿಲ್ಲದವನು ಬಂದು ಟೈಮ್ ಕೇಳಬೇಕು. ಇವನು ಬರೀ ಟೈಮ್ ಹೇಳಿ ಸುಮ್ಮನಾದರೆ ಮಾತು ಮುಗಿಯಿತು. "ಯಾಕೆ, ಎಲ್ಲಿಗಾದ್ರೂ ಹೋಗ್ಬೇಕಿತ್ತಾ?" ಅಂದರೆ ಮಾತು ಶುರುವಾಯಿತು.

ಹದಿನಾಲ್ಕು ವರ್ಷದ ಮೇಲೆ ಮತ್ತೆ ಒಂದು ಸಂಜೆ ಇಸ್ತ್ರಿ ಶರಟು ಹಾಕಿ ಪಾರ್ಕಿನ ಬೆಂಚಿನ ಮೇಲೆ ಕೂತೆ. ಹತ್ತು ನಿಮಿಷವಾಗಿರಲಿಲ್ಲ, ಹದವಾದ ಮೀಸೆಯ ಒಬ್ಬರು ಬಂದು, "ಟೈಮೆಷ್ಟಾಯ್ತು ಸಾರ್?" ಅಂದರು. ನಾನು ಇನ್‌ಸ್ಟಿಟ್ಯೂಟಿನ ಅಭ್ಯಾಸದಲ್ಲಿ, "ಆರು ಹದಿನೇಳು. ಆದ್ರೆ ನನ್ನ ವಾಚು ಎರಡು ನಿಮಿಷ ಮುಂದಿದೆ, ಆದ್ದರಿಂದ ಆರು ಹದಿನೈದು ಅಂತ ಇಟ್ಕೊಳ್ಳಿ" ಅಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದರು. ನಾನು ಬೇರೆ ಏನಾದರೂ ಬೇಕಿತ್ತಾ ಅನ್ನುವ ಹಾಗೆ ನೋಡಿದೆ. ಹೊರಟುಹೋದರು. ನನಗೆ ವಿಷಯ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ.

ಮಾರನೇ ದಿನ ವಾಚು ಬಿಚ್ಚಿಟ್ಟು ನಾನೇ ಕೇಳಲು ಹೋದೆ. ನೀಲಿ ಸ್ವೆಟರಿನ ಬೆನ್ನೊಂದು ಚೆನ್ನಾಗಿ ಕಂಡಿತು. "ಟೈಮೆಷ್ಟು?" ಅಂದೆ. ಬೆನ್ನು ತಿರುಗಿತು.

"ಸಾರ್! ನೀವಾ ಸಾರ್! ನಿಮ್ಮ ವಾಚೆಲ್ಲಿ ಸಾರ್? ಒಂದು ನಿಮಿಷ ಲೇಟಾದ್ರೆ ನಮ್ಮನ್ನ ಹೊರಗೆ ನಿಲ್ಲಿಸ್ತಿದ್ರಲ್ಲ!"

ನನ್ನ ಹಳೇ ವಿದ್ಯಾರ್ಥಿ. ಇನ್ನೊಂದು ದಿನ ಇನ್ನೊಂದು ಬೆಂಚಿಗೆ ಹೋದೆ. ಅಲ್ಲೂ ನನ್ನ ವಿದ್ಯಾರ್ಥಿ. ಕಲ್ಲುಬೆಂಚಿನ ಮೇಲೆ ಕೂತ ಮೂರನೆಯವರು ಗೃಹಸ್ಥರ ಹಾಗಿದ್ದರು, ಅವರ ಹೆಂಡತಿ ನನ್ನ ವಿದ್ಯಾರ್ಥಿನಿ. ಹತ್ತು ಮಿಷನ್ನಿನಲ್ಲಿ ಅಷ್ಟು ವರ್ಷ ಕಲಿಸಿದರೆ ರಾಜಾಜಿನಗರದಲ್ಲಿ ಟೈಪಿಂಗ್ ಬಾರದ ಗಂಡಸು ಉಳಿದಿರುವುದಿಲ್ಲ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಮೂರು ವಾರದ ಮೇಲೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ನನಗೆ ಸನ್ಮಾನ ಇಟ್ಟುಕೊಂಡರು. ಹಾರ ಹಾಕಿ, ಹೊಸ ಕೈಗಡಿಯಾರ ಕಟ್ಟಿದರು. ಭಾಷಣ ಮಾಡಿದವನು ಗದ್ಗದಿತನಾಗಿ ಹೇಳಿದ: "ನಮಗೆ ಸಮಯದ ಬೆಲೆ ಕಲಿಸಿದ ಗುರುಗಳು ವಾಚಿಲ್ಲದೆ ಪಾರ್ಕಿನಲ್ಲಿ ಕಂಡಕಂಡ ಗಂಡಸರ ಹತ್ರ ಟೈಮ್ ಕೇಳ್ಕೊಂಡು ಓಡಾಡೋದು ನೋಡಿ ನಮ್ಮ ಕರುಳು ಚುರುಕ್ ಅಂತು."

ಮೂರು ಪ್ರತಿ

ಪಾರ್ಕು ಮುಗಿಯಿತು, ಇನ್ನು ಟಪಾಲು. ಒಂದು ಮಾಸಪತ್ರಿಕೆಯ ಪತ್ರಮಿತ್ರರ ಅಂಕಣಕ್ಕೆ ಬರೆದುಹಾಕಿದೆ: "ಅವಿವಾಹಿತ, ನಲವತ್ತಾರು ವರ್ಷ, ಸಂಗೀತ ಮತ್ತು ವಾಯುವಿಹಾರದಲ್ಲಿ ಆಸಕ್ತಿ. ಸ್ತ್ರೀಯರು ಬರೆಯುವ ಅಗತ್ಯವಿಲ್ಲ."

ಏಳು ಕಾಗದ ಬಂದವು. ಆರು ಮಂದಿ ನನ್ನ ಬ್ರಹ್ಮಚರ್ಯವನ್ನು ಹೊಗಳಿದ್ದರು. ಅವರಲ್ಲೊಬ್ಬರು ಆಂಜನೇಯನ ಭಜನಾ ಮಂಡಳಿಗೆ ನನ್ನನ್ನು ಉಪಾಧ್ಯಕ್ಷನನ್ನಾಗಿ ಮಾಡುವುದಾಗಿ ಬರೆದಿದ್ದರು. ಏಳನೆಯದು ಕೆಂಗೇರಿಯಿಂದ, ಮುತ್ತಿನಂಥ ಅಕ್ಷರ: "ಅಗತ್ಯವಿಲ್ಲ ಎಂಬ ತಮ್ಮ ಮಾತನ್ನು ಎರಡು ಸಲ ಓದಿದೆ. ನನಗೂ ಇಲ್ಲ."

ಕೂಡಲೇ ಕನ್ನಡ ಮಿಷನ್ನಿಗೆ ಕೂತು ಒಂದು ಪುಟ ಮನಸ್ಸು ಬಿಚ್ಚಿ ಟೈಪ್ ಮಾಡಿದೆ. ಒಂಟಿತನ, ಸಂಜೆಯ ಹೊತ್ತು, ಎಲ್ಲ ಬರೆದೆ. ಮೇಲೆ "ಉಲ್ಲೇಖ: ತಮ್ಮ ಪತ್ರ" ಅಂತ ತಾನಾಗಿ ಬಂತು, ಹೋಗಲಿ ಅಂತ ಬಿಟ್ಟೆ. ಅವರ ಉತ್ತರ ನಾಲ್ಕೇ ದಿನದಲ್ಲಿ ಬಂತು: "ತಮ್ಮ ಪತ್ರದ ಕಾರ್ಬನ್ ಪ್ರತಿ ತಲುಪಿತು. ಮೂಲಪ್ರತಿ ಯಾರಿಗೆ ಹೋಗಿದೆ ಎಂದು ತಿಳಿಸಿದರೆ ಉಪಕಾರವಾದೀತು."

ತಲೆ ಚಚ್ಚಿಕೊಂಡೆ. ನನ್ನ ಕೈಗೆ ಕಾರ್ಬನ್ ಇಲ್ಲದೆ ಟೈಪ್ ಮಾಡಿ ಗೊತ್ತೇ ಇಲ್ಲ. ಕವರಿಗೆ ಹಾಕುವಾಗ ಹಾಳೆ ಬದಲಾಗಿತ್ತು. ಭಾನುವಾರ ಬೆಳಿಗ್ಗೆ ಮೂಲಪ್ರತಿ ಎದೆಯ ಜೇಬಿನಲ್ಲಿಟ್ಟು ಬಸ್ಸು ಹತ್ತಿ ಕೆಂಗೇರಿಗೇ ಹೋದೆ. ಆಸಾಮಿ ಎತ್ತರ, ನಗು ಚೆನ್ನ, ಒಂದು ಕಚೇರಿಯಲ್ಲಿ ಹೆಡ್ ಕ್ಲರ್ಕು. ಉಪ್ಪಿಟ್ಟು ಕೊಟ್ಟರು. ನಾನು ಮೂಲಪ್ರತಿ ಕೈಗಿತ್ತೆ. ಅವರು ಅದನ್ನೂ ತಮ್ಮಲ್ಲಿದ್ದ ಪ್ರತಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟರು.

"ಸಾರ್, ಇಷ್ಟು ಮಸುಕು ಅಂದ್ರೆ ನನಗೆ ಬಂದಿರೋದು ಎರಡನೇ ಕಾರ್ಬನ್ನು. ಮೊದಲನೇದು ಯಾರ ಹತ್ರ ಇದೆ?"

ಹೆಣ್ಣು ನೋಡುವ ಶಾಸ್ತ್ರ

ಆ ಚಳಿಗಾಲ ನನಗೆ ಜ್ವರ ಬಂತು. ಓನರಮ್ಮ ಅರವತ್ತೈದು ದಾಟಿದ ವಿಧವೆ, ಮಂಡಿನೋವು ಬೇರೆ. ಆದರೂ ನಾಲ್ಕು ದಿನ ಮೆಟ್ಟಿಲು ಹತ್ತಿ ಮೆಣಸಿನ ಸಾರು ತಂದುಕೊಟ್ಟರು. ಐದನೇ ದಿನ ಬಾಗಿಲಲ್ಲೇ ನಿಂತು, "ನೋಡು, ನಿನಗೆ ಒಂದು ಜೊತೆ ಬೇಕು ಕಣಪ್ಪ. ವಿಜಯನಗರದಲ್ಲಿ ಒಂದು ಹುಡುಗಿ ಇದೆ, ನಾನು ಮಾತು ಕೊಟ್ಟಾಗಿದೆ. ಸುಮ್ನೆ ಬಂದು ನೋಡು" ಅಂದರು. ಸಾರು ಕುಡಿದ ಬಾಯಲ್ಲಿ ಇಲ್ಲ ಅನ್ನಲಾಗಲಿಲ್ಲ. ನೋಡುವುದು, ಕೇಸರಿಬಾತು ತಿನ್ನುವುದು, ಗೌರವವಾಗಿ ಬೇಡ ಅನ್ನುವುದು, ಇಷ್ಟೇ ಅಂದುಕೊಂಡು ಹೋದೆ. ಒಬ್ಬ ಹೆಣ್ಣುಮಗಳ ಬಾಳಿಗೆ ಮೋಸ ಮಾಡಲು ನಾನು ತಯಾರಿರಲಿಲ್ಲ.

ಹುಡುಗಿಗೆ ಮೂವತ್ತಾರು ವರ್ಷ, ಟೆಲಿಫೋನ್ ಆಪರೇಟರ್. ಹಿರಿಯರು ನಮ್ಮಿಬ್ಬರನ್ನು ಮಾತಾಡಿಕೊಳ್ಳಲಿ ಅಂತ ತಾರಸಿಗೆ ಕಳಿಸಿದರು. ಕಾವಲಿಗೆ ಆಕೆಯ ಸೋದರಮಾವ. ನನ್ನ ವಯಸ್ಸಿನವರೇ, ಬಾಪೂಜಿ ನಗರದಲ್ಲಿ ಒಂಟಿ ವಾಸ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನೀರಿನ ತೊಟ್ಟಿಗೆ ಒರಗಿ ನುಗ್ಗೆಮರ ನೋಡುತ್ತಾ ನಿಂತರು.

ಹುಡುಗಿ ನೇರವಾಗಿ ಹೇಳಿದಳು: "ನನಗೆ ಮದುವೆ ಬೇಡ ಸಾರ್. ನಾನು ಬೇಡ ಅಂದ್ರೆ ಮನೇಲಿ ರಾದ್ಧಾಂತ ಆಗುತ್ತೆ. ದಯವಿಟ್ಟು ನೀವೇ ಬೇಡ ಅಂದ್ಬಿಡಿ."

"ಸಂತೋಷವಾಗಿ ಅಂತೀನಮ್ಮ."

"ಆದ್ರೆ ಬಣ್ಣ ಕಮ್ಮಿ, ವಯಸ್ಸು ಜಾಸ್ತಿ ಅಂತೆಲ್ಲ ಅನ್ನಬಾರ್ದು. ನನಗೆ ಬೇಜಾರಾಗುತ್ತೆ."

ನ್ಯಾಯವಾದ ಮಾತು. ಇಬ್ಬರೂ ಕಾರಣ ಹುಡುಕುತ್ತಾ ನಿಂತೆವು. ನುಗ್ಗೆಮರದ ಕಡೆಯಿಂದಲೇ ಮಾವನವರು ಹೇಳಿದರು: "ಜಾತಕ ಹೊಂದಲ್ಲ ಅಂದ್ರಾಯ್ತು. ನಮ್ಮ ಮನೇಲಿ ಜಾತಕ ನೋಡೋನು ನಾನೇ."

"ನಿಜವಾಗ್ಲೂ ನೋಡೋಕೆ ಬರುತ್ತಾ ಸಾರ್?" ಅಂದೆ.

"ಬರುತ್ತೆ. ನನಗೆ ಹನ್ನೊಂದು ಹೆಣ್ಣಿನ ಜಾತಕ ಬಂದಿದ್ವು. ಅದಕ್ಕೇ ಜ್ಯೋತಿಷ್ಯ ಕಲಿತೆ. ಹನ್ನೊಂದೂ ಹೊಂದಲಿಲ್ಲ."

ಈಗ ಅವರು ಮರ ಬಿಟ್ಟು ನನ್ನ ಕಡೆ ನೋಡಿದರು. ನಾನೂ ನೋಡಿದೆ. ಇಪ್ಪತ್ತು ವರ್ಷ ಮದುವೆ ತಪ್ಪಿಸಿಕೊಳ್ಳಲು ನಾನು ಹೇಳಿದ ಸುಳ್ಳುಗಳನ್ನೆಲ್ಲ ನೆನೆದು ನನಗೆ ನಾಚಿಕೆಯಾಯಿತು. ಈ ಮನುಷ್ಯ ಒಂದು ಶಾಸ್ತ್ರವನ್ನೇ ಅಭ್ಯಾಸ ಮಾಡಿದ್ದರು.

ಕೆಳಗೆ ಹೋಗಿ ಅವರು ನನ್ನ ಜಾತಕ ತೆಗೆದುಕೊಂಡರು, ಎರಡು ದಿನದಲ್ಲಿ ಹೊಂದಲಿಲ್ಲ ಅಂತ ಹೇಳಿಕಳಿಸಿದರು. ಹೊಂದದ ಜಾತಕವನ್ನು ಹಿಂದಿರುಗಿಸುವುದು ಮರ್ಯಾದೆ. ಎಲ್ಲರೂ ಅಂಚೆಯಲ್ಲಿ ಕಳಿಸುತ್ತಾರೆ. ಇವರು ಭಾನುವಾರ ಸೈಕಲ್ಲಿನಲ್ಲಿ ತಾವೇ ತಂದರು. ಎರಡು ಗಂಟೆ ಕೂತು ಮಾತಾಡಿದರು, ಜಾತಕ ಕೊಡುವುದು ಮರೆತು ಹೋದರು. ಮುಂದಿನ ಭಾನುವಾರ ಮತ್ತೆ ಬಂದರು, ಮತ್ತೆ ಮರೆತರು. ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದ ಓನರಮ್ಮ ಪ್ರತಿ ವಾರ, "ಜಾತಕ ಕೊಟ್ರಾ ಮೇಷ್ಟ್ರೇ?" ಅಂತ ಕೇಳುವುದು, ಇವರು "ಅಯ್ಯೋ, ಮರೆತೇಹೋಯ್ತಮ್ಮ" ಅನ್ನುವುದು. ನಾನೂ ನೆನಪಿಸಲಿಲ್ಲ. ಅವರು ಬರುವ ದಿನಕ್ಕಾಗಿ ಸೋಮವಾರದಿಂದಲೇ ಕಾಯುತ್ತಿದ್ದೆ.

ಐದನೇ ಭಾನುವಾರ ಅವರು ಜಾತಕ ಹೊರಗೆ ತೆಗೆದರು. ಅದರ ಪಕ್ಕ ಇನ್ನೊಂದನ್ನು ಬಿಡಿಸಿಟ್ಟರು. ಅವರದು.

"ಕೂಟ ಹಾಕಿ ನೋಡಿದೆ. ಮೂವತ್ತಾರಕ್ಕೆ ಇಪ್ಪತ್ತೆಂಟು ಬರುತ್ತೆ. ನಮ್ಮ ಅಕ್ಕ ಭಾವಂದೇ ಹದಿನಾಲ್ಕು" ಅಂದರು. ಕಿವಿ ಕೆಂಪಗಾಗಿತ್ತು.

"ಉಳಿದ ಎಂಟು?"

"ನಾಡಿಯದು. ನಾಡಿ ದೋಷ ಇದೆ. ಸಂತಾನ ಆಗೋದು ಕಷ್ಟ."

ನಾನು ನಗು ತಡೆಯಲಾರದೆ ತಲೆ ಎತ್ತಿದರೆ, ಬಾಗಿಲಲ್ಲಿ ಓನರಮ್ಮ ಹಿದುಕಿದ ಬೇಳೆಯ ಪಾತ್ರೆ ಹಿಡಿದು ನಿಂತಿದ್ದಾರೆ. ಎಲ್ಲ ಕೇಳಿಸಿಕೊಂಡಿದ್ದಾರೆ. ಒಂದು ಮಾತು ಆಚೆ ಹೋದರೆ ಮನೆ ಹೋಯಿತು, ಇನ್‌ಸ್ಟಿಟ್ಯೂಟ್ ಹೋಯಿತು, ಮೇಷ್ಟ್ರ ಕೆಲಸವೂ ಹೋಯಿತು.

ಓನರಮ್ಮ ಒಳಗೆ ಬಂದು ಪಾತ್ರೆ ಮೇಜಿನ ಮೇಲಿಟ್ಟರು. ಸೆರಗಿನಲ್ಲಿ ಕೈ ಒರೆಸಿ, ಕನ್ನಡಕ ಹಾಕಿ, ಎರಡು ಜಾತಕವನ್ನೂ ಎತ್ತಿಕೊಂಡು ಕುಂಡಲಿಯ ಮನೆಮನೆಯನ್ನೂ ಬೆರಳಿಟ್ಟು ನೋಡಿದರು. "ಇಪ್ಪತ್ತೆಂಟು ಸರಿಯಾಗೇ ಇದೆ. ನಾಡಿ ದೋಷಕ್ಕೆ ತಲೆ ಕೆಡಿಸ್ಕೋಬೇಡಿ ಮೇಷ್ಟ್ರೇ" ಅಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ದುರುಗುಟ್ಟಿ ನೋಡಿದರು.

"ಅಲ್ಲ ಕಣೋ, ಹೋದ ಸಲ ಜಾತಕ ತೋರಿಸ್ದೇನೇ ಮನೆ ತುಂಬಿಸ್ಕೊಂಡ್ಯಲ್ಲ, ಅದಕ್ಕೇ ಹದಿನಾಲ್ಕು ವರ್ಷಕ್ಕೆ ಹಾಗಾಗಿದ್ದು!"