ಸಣ್ಣಜ್ಜನ ಗಿಡಗಳ ಚಳಿಗಾಲ

ಅಕ್ಷತಾ, ಸಮರ್ಥ, ನೀವಿಬ್ಬರೂ ಬರುವುದು ಬೇಸಿಗೆ ರಜೆಗೆ. ಹಾಗಾಗಿ ನಿಮ್ಮ ಸಣ್ಣಜ್ಜನನ್ನು ನೀವು ಅರ್ಧ ಮಾತ್ರ ನೋಡಿದ್ದೀರಿ. ಉಳಿದರ್ಧ ಹೊರಗೆ ಬರುವುದು ಚಳಿಗಾಲದಲ್ಲಿ. ನೇಸರಗಿಯಲ್ಲಿ ಚಳಿ ಶುರುವಾಯಿತೆಂದು ತಿಳಿಯಲು ಯಾರೂ ಕ್ಯಾಲೆಂಡರ್ ನೋಡುತ್ತಿರಲಿಲ್ಲ. ನಮ್ಮ ಕಟ್ಟೆಯ ಮೇಲಿನ ಗಿಡದ ಕೊರಳಿಗೆ ಮಫ್ಲರ್ ಬಂತೋ ಇಲ್ಲವೋ ನೋಡುತ್ತಿದ್ದರು.

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ. ಬಸ್ ಡ್ರೈವರ್ ಆಗಿ ನಿವೃತ್ತರಾದ ಮೇಲೆ ಸವದತ್ತಿಯ ನರ್ಸರಿಯಿಂದ ಎರಡು ಗಿಡ ತಂದರು, ಒಂದು ದೊಡ್ಡದು, ಒಂದು ಸಣ್ಣದು. ನರ್ಸರಿಯವರು ಪೋನಿಟೇಲ್ ಪಾಮ್ ಎನ್ನುತ್ತಾರೆ. ಬುಡ ತಂಬಿಗೆಯ ಹೊಟ್ಟೆಯ ಹಾಗೆ ಉಬ್ಬಿರುತ್ತದೆ. ತಲೆಯ ತುಂಬ ಉದ್ದುದ್ದ ಎಲೆ, ಎಣ್ಣೆ ಕಾಣದ ಹುಡುಗಿಯ ಜುಟ್ಟಿನ ಹಾಗೆ. ದೀಪಾವಳಿ ದಾಟಿತೆಂದರೆ ಆ ಎಲೆಗಳನ್ನೆಲ್ಲ ಮೇಲಕ್ಕೆತ್ತಿ ಹಿಡಿದು, ಹಳೆಯ ಧೋತರ ಸುತ್ತಿ, ಸುತಳಿ ಕಟ್ಟಿ, ಮೇಲೊಂದು ಮಫ್ಲರ್ ಹಾಕುತ್ತಿದ್ದರು. ಒಮ್ಮೆ ಸಂಜೆ ಲಗ್ನಪತ್ರಿಕೆ ಕೊಡಲು ಬಂದವರೊಬ್ಬರು ಕುರ್ಚಿಯ ಮೇಲಿದ್ದ ದೊಡ್ಡ ಗಿಡಕ್ಕೆ ಕೈಮುಗಿದು, "ಆರಾಮ ಇದ್ದೀರೇನ್ರಿ ಕಾಕಾ?" ಎಂದು ಕೇಳಿದ್ದರು. ಉತ್ತರ ಬರಲಿಲ್ಲವೆಂದು ಪತ್ರಿಕೆಯನ್ನು ಅದರ ಮುಂದಿಟ್ಟು, ಬೇಸರ ಮಾಡಿಕೊಂಡು ಹೋದರು.

ನನ್ನ ನೆಗೆಣ್ಣಿ, ಅಂದರೆ ಸಣ್ಣಜ್ಜನ ಹೆಂಡತಿ, ಸುಮ್ಮನಿರುವವಳೇ?

"ಲಗ್ನ ಆಗಿ ಮೂವತ್ತ ವರ್ಷ ಆತು. ನನಗ ಎಂದರ ಒಂದ ಮಫ್ಲರ್ ತಂದೀರೇನು?"

"ನಿನಗ್ಯಾಕ? ನೀ ಬಾಯಿ ತಗದ್ರ ಮನಿಯೆಲ್ಲಾ ಬೆಚ್ಚಗ ಆಗ್ತೈತಿ."

ಆ ದಿನ ಸಣ್ಣಜ್ಜನಿಗೆ ಚಹಾ ತಣ್ಣಗೇ ಸಿಕ್ಕಿತು.

ಮನೋಳಿಯ ಮದುವೆಗೆ ನಾವೆಲ್ಲ ಹೊರಟಾಗ ಸಣ್ಣಜ್ಜ ಸಣ್ಣ ಗಿಡವನ್ನು ಬಗಲಲ್ಲಿ ಎತ್ತಿಕೊಂಡರು. ಹೊಸ ಎಲೆ ಬಂದಿದೆಯಂತೆ, ಬಿಟ್ಟು ಹೋಗುವುದು ಹೇಗೆ? ಬಸ್ಸಿನಲ್ಲಿ ಶಾಲು ಹೊದಿಸಿ ತೊಡೆಯ ಮೇಲೆ ಕೂರಿಸಿಕೊಂಡರು. ಕಂಡಕ್ಟರ್ ಬಂದ.

"ಅಜ್ಜಾರ, ಕೂಸಿಗೆ ಎಷ್ಟ ವರ್ಷರಿ?"

"ಮೂರು."

"ಹಂಗಾರ ಟಿಕೀಟ್ ಬ್ಯಾಡ."

ಅಷ್ಟರಲ್ಲಿ ಕಿಟಕಿಯ ಗಾಳಿಗೆ ಶಾಲು ಜಾರಿ ಎಲೆಗಳೆಲ್ಲ ಹೊರಗೆ ಬಂದವು. ಕಂಡಕ್ಟರ್ ಒಂದು ಗಳಿಗೆ ನೋಡಿದ. "ಜುಟ್ಟಾ ನೋಡಿದ್ರ ಹೆಣ್ಣ ಕೂಸರಿ. ದೊಡ್ಡಾಕಿ ಆದ್ರೂ ಫ್ರೀನ ಬಿಡ್ರಿ," ಎಂದು ಮುಂದೆ ಹೋದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಮನೋಳಿಯ ತನಕ ಹೊರಗೇ ನೋಡುತ್ತ ಕೂತೆ.

ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ನಿಮ್ಮ ಅಜ್ಜ ತೀರಿಕೊಂಡ ವರ್ಷ ನಾನು ಮಂಚ ಬಿಟ್ಟಿದ್ದೆ. ಬಿಡು ಎಂದು ಯಾರೂ ಹೇಳಿರಲಿಲ್ಲ. ಗಂಡ ಹೋದ ಮೇಲೆ ನಮ್ಮ ಅವ್ವ ಬಿಟ್ಟಿದ್ದಳು, ಅತ್ತೆ ಬಿಟ್ಟಿದ್ದರು, ನಾನೂ ಬಿಟ್ಟೆ. ಬರಿಯ ಚಾಪೆ, ಒಂದು ತೆಳು ಚಾದರ. ಚಳಿಗೆ ನೆಲದ ಕಲ್ಲು ಕೊರೆಯುತ್ತಿತ್ತು. ಕೆಮ್ಮು ಹತ್ತಿತು, ಎದೆ ಗೊರಗೊರ ಎನ್ನತೊಡಗಿತು. ನೆಲದ ಮೇಲೆ ಮಲಗಲೇಬಾರದು ಎಂದರು ಡಾಕ್ಟರು. ಹೂಂ ಎಂದು ಬಂದು ಮತ್ತೆ ಚಾಪೆ ಹಾಸಿದೆ. ಮಂಚ ಏರಿದರೆ ನೋಡಿದವರು ಏನೆಂದಾರು ಎನ್ನುವ ನಾಚಿಕೆ ನನಗೆ ಕೆಮ್ಮಿಗಿಂತ ದೊಡ್ಡದಾಗಿತ್ತು. ನೆಗೆಣ್ಣಿ ಹೇಳಿ ಹೇಳಿ ಸೋತಳು. ಮೈದುನನಾದವರು ವೈನಿಗೆ, ಅಣ್ಣನ ಹೆಂಡತಿಗೆ, ಇಂಥ ಮಾತನ್ನು ಹೇಗೆ ಹೇಳಿಯಾರು?

ಒಂದು ಮಧ್ಯಾಹ್ನ ಸಣ್ಣಜ್ಜ ಅಗಲದ ಮಂಚವನ್ನು ನನ್ನ ಖೋಲಿಗೆ ಎಳೆದು ತಂದರು. ಕಾಲ ಕಡೆಗೆ ಎರಡೂ ಗಿಡ ಇಟ್ಟರು.

"ವೈನಿ, ಕಟ್ಟಿ ಮ್ಯಾಲ ಭಾಳ ಥಂಡಿ. ನೆಲದ ಮ್ಯಾಲೂ ಇಡಾಕ ಬರಂಗಿಲ್ಲ, ಬೇರಿಗೆ ಇಳೀತೈತಿ. ಮಂಚದ ಮ್ಯಾಲ ಇರಲಿ."

"ಇರಲಿರಿ," ಎಂದೆ.

"ಬೆಕ್ಕ ಬಂದು ಕೆಡವಿದ್ರ? ಮಗ್ಗಲದಾಗ ಯಾರರ ಬೇಕು. ನೀವ ಅಲ್ಲೇ ಮಲಕ್ಕೋರಿ." ಮಾತೆಲ್ಲ ಗಿಡದ ಕಡೆ ನೋಡಿಕೊಂಡೇ. "ಗಿಡಕ್ಕಂತ ಕೌದಿ ತಂದೇನಿ. ಒಂದ ಹೆಚ್ಚಾಗೇತಿ. ಇಲ್ಲೇ ಬಿದ್ದಿರಲಿ."

ಗಿಡ ಕಾಯುವವಳು ಮಂಚದ ಮೇಲಿದ್ದರೆ ಯಾರು ಏನೆಂದಾರು? ಈ ಮನುಷ್ಯನ ಹುಚ್ಚಿಗೆ ಕೊನೆಯಿಲ್ಲ ಎಂದು ಗೊಣಗುತ್ತಲೇ ಏರಿದೆ. ಸಂಕ್ರಾಂತಿಯ ಹೊತ್ತಿಗೆ ಕೆಮ್ಮು ಹೋಗಿತ್ತು.

ಆದರೆ ಗಿಡದ ಎಲೆಗಳ ತುದಿ ಒಣಗಿತ್ತು. ನನ್ನ ಕಾವಲಿನಲ್ಲೇ ಸತ್ತುಹೋದರೆ ಗತಿಯೇನು ಎಂದು ಹೆದರಿ, ಸವದತ್ತಿಯ ಸಂತೆಗೆ ಹೋದಾಗ ಯಾರಿಗೂ ಹೇಳದೆ ನರ್ಸರಿಗೆ ಹೋಗಿ ಕೇಳಿದೆ.

"ತುದಿ ಒಣಗೂದು ಇದ್ದದ್ದರಿ," ಎಂದ ನರ್ಸರಿಯವ. "ಬಿಸಲಿಗೆ ಇಡ್ರಿ, ಚಿಗೀತೈತಿ."

"ಥಂಡಿ ಆದ್ರ?"

"ನಮ್ಮ ಕಡಿ ಥಂಡಿ ಇದಕ್ಕ ಏನೂ ಮಾಡಂಗಿಲ್ಲರಿ ಯವ್ವಾ. ನೀರ ಕಮ್ಮಿ ಹಾಕಿದ್ರ ಸಾಕು, ಹೊರಗ ಇರಲಿ. ನೇಸರಗಿ ಡ್ರೈವರ್ ಮನಿಯವ್ರಲ್ಲೇನ್ರಿ ನೀವು? ನಿಮ್ಮ ಮೈದುನರಿಗೆ ಹ್ವಾದ ದೀಪಾವಳಿಗೇ ಬಿಡಿಸಿ ಹೇಳೇನಿ. ತಿಳೀತು ಅಂದು ಹ್ವಾದ್ರು."

ನಾನು ಕುಂಡಗಳ ನಡುವೆ ಇದ್ದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತೆ. ನರ್ಸರಿಯವ ನೀರು ತಂದುಕೊಟ್ಟ. ಬಿಸಿಲಿಗೆ ತಲೆ ಸುತ್ತಿತೆಂದು ತಿಳಿದನೋ ಏನೋ.

ಬೇಸಿಗೆಗೆ ಗಿಡಗಳು ಕಟ್ಟೆಗೆ ಹೋದವು, ನಾನು ಚಾಪೆಗೆ ಬಂದೆ. ಮತ್ತೊಂದು ಚಳಿಗಾಲ ಬಂತು. ನನಗೆ ಕೆಮ್ಮಿರಲಿಲ್ಲ, ಗಿಡಗಳು ಕಟ್ಟೆಯ ಮೇಲೇ ಉಳಿದವು. ಗಿಡವಿಲ್ಲದ ಮಂಚ ಏರುವುದಕ್ಕೆ ನನಗೆ ಮತ್ತೆ ಅದೇ ನಾಚಿಕೆ. ಚಳಿ ಬಿದ್ದ ಮೇಲೂ ಎರಡು ದಿನ ಚಾಪೆಯನ್ನೇ ಹಾಸಿದೆ. ಮೂರನೆಯ ದಿನ ಎದೆಯಲ್ಲಿ ಸಣ್ಣಗೆ ಸದ್ದು ಶುರುವಾಯಿತು. ಈ ಮನೆಗೆ ಬಂದಂದಿನಿಂದ ಮೈದುನನ ಎದುರು ನಿಂತು ಏನನ್ನೂ ಕೇಳಿದವಳಲ್ಲ ನಾನು. ಬಾಗಿಲಿಗೆ ಬಂದೆ. ಗಿಡದ ಕಡೆ ನೋಡುತ್ತ ಹೇಳಿದೆ:

"ಗಿಡಕ್ಕ ಥಂಡಿ ಆಗಾಕತ್ತೈತ್ರಿ."

ಸಣ್ಣಜ್ಜ ಓದುತ್ತಿದ್ದ ಪೇಪರ್ ಮಡಿಚಿದರು. ಅವರೂ ಗಿಡದ ಕಡೆಯೇ ನೋಡಿದರು.

"ಹೌದ್ರಿ ವೈನಿ. ಎರಡ ದಿನಾ ಆತು, ಯಾರರ ಹೇಳ್ತಾರೇನಂತ ಕುಂತಿದ್ದೆ."

ಎದ್ದು ಮೊದಲನೆಯ ಕುಂಡ ಎತ್ತಿಕೊಂಡರು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸಣ್ಣಜ್ಜನ ಕಣ್ಣಿಗೆ ಮಾತ್ರ ಬೀಳದಿರಲಿ. ನನಗೆ ಎಲ್ಲ ಗೊತ್ತಿದೆಯೆಂದು ತಿಳಿದರೆ ಅವರಿಗೂ ನಾಚಿಕೆ, ನನಗೂ ನಾಚಿಕೆ. ಪಾಪ, ಗಿಡಗಳು ಹೊರಗೇ ಉಳಿದಾವು.